ಏಳಡಿ ಎತ್ತರದ ವ್ಯಾಜ್ಯ

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿ ಕ್ರಾಮ್‌ಫರ್ಡ್ ಎಂಬುದೊಂದು ಹಳ್ಳಿ. ರಿಚರ್ಡ್ ಆರ್ಕ್‌ರೈಟ್ ಎಂಬಾತ 1771ರಲ್ಲಿ ಅಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯೊಂದನ್ನು ಎಬ್ಬಿಸಿದ. ಮೊದಲು ಕ್ಷೌರದ ಕಸುಬು, ಆಮೇಲೆ ಕೂದಲಿನ ವ್ಯಾಪಾರ ಮಾಡಿಕೊಂಡಿದ್ದ ಈತ ಸಾಯುವ ಹೊತ್ತಿಗೆ ಸರ್ ಪದವಿಯನ್ನೂ ಕುಬೇರನ ಸಂಪತ್ತನ್ನೂ ಗಳಿಸಿದ್ದ. ಅವನ ಏಳಿಗೆಯ ಕಥೆಯನ್ನು ಹೇಳಿದವರು ಅನೇಕರಿದ್ದಾರೆ. ಅವನ ಗಿರಣಿ ಕೆಲಸಗಾರನ ಮೈಗೆ ತಂದೊಡ್ಡಿದ ಹೊಸ ಸ್ಥಿತಿಯ ಕಥೆ ಅಷ್ಟಾಗಿ ಕೇಳಿಬಂದಿಲ್ಲ.

ಅದುವರೆಗೆ ನೂಲುವವಳ ಕೈ ನಿಂತರೆ ರಾಟೆ ನಿಲ್ಲುತ್ತಿತ್ತು. ನೇಕಾರನ ಕಾಲು ನಿಂತರೆ ಮಗ್ಗ ನಿಲ್ಲುತ್ತಿತ್ತು. ಸೆರಗು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಪುರುಸೊತ್ತಿತ್ತು, ಏಕೆಂದರೆ ಯಂತ್ರಕ್ಕೆ ಬಲ ಕೊಡುತ್ತಿದ್ದದ್ದು ಸಿಕ್ಕಿಕೊಂಡವರದೇ ದೇಹ. ಗಿರಣಿಯಲ್ಲಿ ಈ ನಂಟು ಕಡಿದುಹೋಯಿತು. ಹೊರಗೆ ನೀರಿನ ಗಾಲಿ, ಮುಂದೆ ಜೇಮ್ಸ್ ವಾಟನ ಕಾಲದಿಂದ ಉಗಿಯಂತ್ರ. ಅಲ್ಲಿಂದ ಅಂತಸ್ತು ಅಂತಸ್ತನ್ನು ಸೀಳಿಕೊಂಡು ಮೇಲೇರುವ ಕಬ್ಬಿಣದ ಕಂಬ. ಅದರಿಂದ ಹಲ್ಲುಗಾಲಿಗಳ ಮೂಲಕ ಪ್ರತಿ ಅಂತಸ್ತಿನ ಸೂರಿನಡಿ ಈ ತುದಿಯಿಂದ ಆ ತುದಿಯವರೆಗೆ ಅಡ್ಡಡ್ಡ ಸುತ್ತುವ ದಂಡ. ಗಿರಣಿಯವರ ಮಾತಿನಲ್ಲಿ ಶಾಫ್ಟು. ಶಾಫ್ಟಿನ ಮೇಲೆ ಉರುಳೆಗಳು, ಉರುಳೆಯಿಂದ ಕೆಳಗಿನ ಯಂತ್ರಕ್ಕೆ ಚರ್ಮದ ಪಟ್ಟಿ. ಒಂದು ಯಂತ್ರವನ್ನು ನಿಲ್ಲಿಸಲು ಅದರ ಪಟ್ಟಿಯನ್ನು ಸರಿಸಿದರೆ ಸಾಕು. ಆದರೆ ಶಾಫ್ಟನ್ನು ನಿಲ್ಲಿಸಬೇಕಾದರೆ ಇಡೀ ಗಿರಣಿಯನ್ನೇ ನಿಲ್ಲಿಸಬೇಕು. ಹೀಗಾಗಿ ಶಾಫ್ಟಿಗೆ ಎಣ್ಣೆ ಬಿಡುವುದು, ಜಾರಿದ ಪಟ್ಟಿಯನ್ನು ಮರಳಿ ಏರಿಸುವುದು, ಮೇಲೆ ಕೂತ ಹತ್ತಿಯ ಧೂಳು ಗುಡಿಸುವುದು, ಗೋಡೆಗೆ ಸುಣ್ಣ ಬಳಿಯುವುದು ಎಲ್ಲವೂ ಅದು ಸುತ್ತುತ್ತಿರುವಾಗಲೇ ನಡೆಯುತ್ತಿದ್ದವು. ದೂರದಿಂದ ನೋಡಿದರೆ ಅದು ನುಣುಪಾದ, ನಿಂತಂತೆಯೇ ಕಾಣುವ ದಂಡ. ಹತ್ತಿರ ಹೋದರೆ ದಂಡಕ್ಕೆ ದಂಡ ಕೂಡಿಸಿದ ಜಾಗದಲ್ಲಿ ಬೋಲ್ಟಿನ ತಲೆ, ಬೆಣೆಯ ಮೊನೆ ಹೊರಚಾಚಿರುತ್ತಿದ್ದವು. ಅಂಗಿಯ ತೋಳಿಗೆ, ಮಡಿಲಿಗೆ ಕಟ್ಟಿದ ಬಟ್ಟೆಗೆ, ಬಿಚ್ಚಿದ ಕೂದಲಿಗೆ ಅಷ್ಟೇ ಸಾಕಾಗುತ್ತಿತ್ತು. ಒಮ್ಮೆ ಹಿಡಿದರೆ ಅದು ಮನುಷ್ಯನನ್ನು ಎತ್ತಿ ತನ್ನ ಸುತ್ತ ತಿರುಗಿಸುತ್ತಿತ್ತು. ಪ್ರತಿ ಸುತ್ತಿಗೂ ಮೈ ಒಮ್ಮೆ ಸೂರಿಗೆ ಬಡಿಯುತ್ತಿತ್ತು.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಅನಾಥಾಲಯದಿಂದ 1799ರಲ್ಲಿ ಬಂಡಿಗಟ್ಟಲೆ ಮಕ್ಕಳನ್ನು ನಾಟಿಂಗ್‌ಹ್ಯಾಮಿನ ಹತ್ತಿರದ ಲೌಡಮ್ ಗಿರಣಿಗೆ ಸಾಗಿಸಲಾಯಿತು. ಅವರಲ್ಲಿ ರಾಬರ್ಟ್ ಬ್ಲಿಂಕೋ ಎಂಬ ಹುಡುಗನಿದ್ದ. ದೊಡ್ಡವನಾದ ಮೇಲೆ ಅವನು ಹೇಳಿದ ನೆನಪುಗಳನ್ನು ಜಾನ್ ಬ್ರೌನ್ ಎಂಬ ಬರಹಗಾರ ಕಲೆಹಾಕಿದ. 1832ರಲ್ಲಿ ಅವು ಪುಸ್ತಕವಾದವು. ಅದರಲ್ಲಿ ಮೇರಿ ರಿಚರ್ಡ್ಸ್ ಎಂಬ ಹತ್ತರ ಆಸುಪಾಸಿನ ಹುಡುಗಿಯ ಪ್ರಸಂಗ ಬರುತ್ತದೆ. ಅವಳು ನೋಡಿಕೊಳ್ಳುತ್ತಿದ್ದ ಯಂತ್ರದ ಅಡಿಯಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಶಾಫ್ಟು ಹಾದುಹೋಗಿತ್ತು. ಸಂಜೆ ಉಳಿದವರು ಹೊರಟ ಮೇಲೆ ಯಂತ್ರದ ತೂಕದ ಗುಂಡುಗಳನ್ನು ಬಿಚ್ಚುತ್ತಿದ್ದಾಗ ಅವಳ ಮುಂಬಟ್ಟೆಯನ್ನು ಶಾಫ್ಟು ಹಿಡಿಯಿತು. ಬ್ಲಿಂಕೋ ಕೂಗು ಕೇಳಿ ಓಡಿಬಂದ, ಆದರೆ ಅವನಿಂದ ಏನೂ ಆಗಲಿಲ್ಲ. ಎಲುಬುಗಳು ಮುರಿಯುವ ಸದ್ದನ್ನು ಅವನು ದೊಡ್ಡವನಾದ ಮೇಲೂ ಮರೆತಿರಲಿಲ್ಲ. ಹುಡುಗಿ ಸಾಯಲಿಲ್ಲ, ಊರುಗೋಲು ಹಿಡಿದು ಬದುಕಿದಳು. ಬ್ಲಿಂಕೋನಿಗೂ ಅದೇ ಗಿರಣಿಯಲ್ಲಿ ತೋರುಬೆರಳಿನ ಒಂದು ಭಾಗ ಹೋಗಿತ್ತು.

ಲೌಡಮ್ ಕೆಟ್ಟ ಗಿರಣಿಯೆಂದು ಹೆಸರಾದದ್ದೇನಲ್ಲ. ಇನ್ನು ಒಳ್ಳೆಯ ಗಿರಣಿಯೆಂದೇ ಹೆಸರಾಗಿದ್ದ, ಸ್ಟೈಯಲ್ ಊರಿನ ಕ್ವಾರಿ ಬ್ಯಾಂಕ್ ಗಿರಣಿಯ ಮಾತನ್ನು ಕೇಳಿ. ಅದರ ಒಡೆಯ ಸ್ಯಾಮ್ಯುಯೆಲ್ ಗ್ರೆಗ್ ಕೆಲಸಕ್ಕಿದ್ದ ಮಕ್ಕಳಿಗೆ ಮನೆ ಕಟ್ಟಿಸಿದ್ದರು, ವೈದ್ಯರನ್ನು ನೇಮಿಸಿದ್ದರು. 1806ರಲ್ಲಿ ಇಬ್ಬರು ಹುಡುಗರು ಅಲ್ಲಿಂದ ತಪ್ಪಿಸಿಕೊಂಡು ಲಂಡನ್ನಿನ ಹಾದಿ ಹಿಡಿದರು. ಸಿಕ್ಕಿಬಿದ್ದಾಗ ಇಬ್ಬರೂ ನ್ಯಾಯಾಧಿಕಾರಿಗಳ ಮುಂದೆ ಹೇಳಿಕೆ ಕೊಟ್ಟರು. ಅವರಲ್ಲಿ ಕಿರಿಯವನಿಗೆ 13 ವರ್ಷ. ಗಾಲಿಯೊಂದು ತನ್ನ ಎಡಗೈಯ ತೋರುಬೆರಳನ್ನು ಕಿತ್ತುಕೊಂಡಿತೆಂದೂ ಗಿರಣಿಯ ವೈದ್ಯರು ನೋಡಿದರೆಂದೂ ಆರು ವಾರದಲ್ಲಿ ಗುಣವಾಯಿತೆಂದೂ ಅವನು ಹೇಳಿದ. ದೂರಿನ ದನಿಯೇ ಆ ಹೇಳಿಕೆಯಲ್ಲಿಲ್ಲ. ಅವನು ಓಡಿಬಂದದ್ದು ಬೆರಳು ಹೋದದ್ದಕ್ಕಲ್ಲ, ತಾಯಿಯನ್ನು ನೋಡಬೇಕೆಂದು. ಹುಡುಗರನ್ನು ಗಿರಣಿಗೆ ವಾಪಸು ಕಳಿಸಲಾಯಿತು. ಊನವಾಗುವುದು ಕೆಲಸದ ಒಂದು ಅಂಗವೆಂದು ಮಕ್ಕಳೂ ಒಪ್ಪಿಕೊಂಡಿದ್ದ ಕಾಲವದು.

ಆ ಕಾಲದ ಕಾನೂನು ಏನೆನ್ನುತ್ತಿತ್ತು? ಒಂದು ವಿಚಿತ್ರ ಪದ್ಧತಿ ಮಧ್ಯಯುಗದಿಂದ ಉಳಿದುಬಂದಿತ್ತು. ಯಾವುದಾದರೂ ವಸ್ತು ಮನುಷ್ಯನ ಸಾವಿಗೆ ಕಾರಣವಾದರೆ ಆ ವಸ್ತುವೇ ದೇವರ ಹೆಸರಿನಲ್ಲಿ ರಾಜನ ಪಾಲು. ಹಾಯ್ದ ಎತ್ತು, ಉರುಳಿದ ಬಂಡಿ, ಬಿದ್ದ ಮರ, ಹೀಗೆ. ಸಾವಿನ ಕಾರಣ ವಿಚಾರಿಸುವ ಅಧಿಕಾರಿಯಾದ ಕರೋನರರ ಮುಂದೆ ಕೂತ ಜೂರಿ ವಸ್ತುವಿಗೆ ಬೆಲೆ ಕಟ್ಟುತ್ತಿತ್ತು. ಒಡೆಯ ಆ ಹಣ ತೆತ್ತು ವಸ್ತುವನ್ನು ಉಳಿಸಿಕೊಳ್ಳುತ್ತಿದ್ದ. ಇದಕ್ಕೆ ಡಿಯೋಡ್ಯಾಂಡ್ ಎಂದು ಹೆಸರು. ಎತ್ತು ಬಂಡಿಗಳ ಕಾಲದಲ್ಲಿ ಇದು ನಡೆಯಿತು. ರೈಲ್ವೆ ಎಂಜಿನ್ನುಗಳು ಬಂದು ಜೂರಿಗಳು ನೂರಾರು ಪೌಂಡು ಬೆಲೆ ಕಟ್ಟತೊಡಗಿದಾಗ ಪಾರ್ಲಿಮೆಂಟಿಗೆ ಈ ಪದ್ಧತಿ ಅನಾಗರಿಕವೆಂದು ಹೊಳೆಯಿತು! 1846ರಲ್ಲಿ ಅದನ್ನು ರದ್ದು ಮಾಡಿದರು. ಅದೇ ವರ್ಷ ಲಾರ್ಡ್ ಕ್ಯಾಂಬೆಲ್ ತಂದ ಕಾಯಿದೆಯಿಂದ ಸತ್ತವನ ಹೆಂಡತಿ ಮಕ್ಕಳಿಗೆ ಪರಿಹಾರ ಕೇಳುವ ಹಕ್ಕು ಬಂತು. ಆದರೆ ತಪ್ಪು ಒಡೆಯನದೇ ಎಂದು ಸಾಬೀತುಮಾಡುವ ಹೊರೆ ಆ ಹೆಂಡತಿ ಮಕ್ಕಳ ಮೇಲೆಯೇ ಇತ್ತು.

ಆ ಹೊರೆಯನ್ನು ಎತ್ತಲಾರದಷ್ಟು ಭಾರವಾಗಿಸುವ ತೀರ್ಪು ಅದಾಗಲೇ ಬಂದುಬಿಟ್ಟಿತ್ತು. 1837ರ ಪ್ರೀಸ್ಟ್ಲಿ ವಿರುದ್ಧ ಫೌಲರ್ ಎಂಬ ಮೊಕದ್ದಮೆ ಗಿರಣಿಯದಲ್ಲ, ಮಾಂಸದಂಗಡಿಯದು. ಹೆಚ್ಚು ಭಾರ ಹೇರಿದ ಬಂಡಿ ಮುರಿದುಬಿದ್ದು ಅಂಗಡಿಯ ಆಳಿನ ತೊಡೆ ಮುರಿದಿತ್ತು. ಕೆಲಸಕ್ಕೆ ಸೇರುವಾಗಲೇ ಆಳು ಅದರ ಅಪಾಯಗಳನ್ನೂ ಒಪ್ಪಿಕೊಂಡಿರುತ್ತಾನೆ, ಯಜಮಾನ ಅದಕ್ಕೆ ಹೊಣೆಯಲ್ಲ ಎಂಬ ಧಾಟಿಯಲ್ಲಿ ಲಾರ್ಡ್ ಅಬಿಂಜರ್ ತೀರ್ಪಿತ್ತರು. ಜೊತೆಯ ಕೆಲಸಗಾರನ ತಪ್ಪಿನಿಂದ ಪೆಟ್ಟಾದರೆ ಒಡೆಯನನ್ನು ಕೇಳುವಂತಿಲ್ಲವೆಂಬ ತತ್ತ್ವ ಈ ಬೀಜದಿಂದ ಮೊಳೆಯಿತು. ಮೇಸ್ತ್ರಿಯೂ ಸಂಬಳದವನೇ ಆದ್ದರಿಂದ ಅವನ ತಪ್ಪೂ ಜೊತೆಗಾರನ ತಪ್ಪೇ. ಗಿರಣಿಯಲ್ಲಿ ಒಡೆಯ ತನ್ನ ಕೈಯಾರೆ ಯಾವ ಪಟ್ಟಿಯನ್ನೂ ಏರಿಸುತ್ತಿರಲಿಲ್ಲವಲ್ಲ! ಹಾಗಾಗಿ ಅವನು ತಪ್ಪಿತಸ್ಥನಾಗುವ ಸಂಭವವೇ ಇರಲಿಲ್ಲ.

ಗಿರಣಿಗಳ ಬಗ್ಗೆ 1802ರಲ್ಲಿ, 1819ರಲ್ಲಿ, 1833ರಲ್ಲಿ ಕಾಯಿದೆಗಳಾದವು. ಸುಣ್ಣ ಬಳಿಯುವುದು, ಮಕ್ಕಳ ವಯಸ್ಸು, ದುಡಿಮೆಯ ಗಂಟೆಗಳು, ಓದು ಎಲ್ಲವೂ ಅವುಗಳಲ್ಲಿದ್ದವು. ಸುತ್ತುವ ಶಾಫ್ಟಿಗೆ ಮರೆ ಕಟ್ಟಬೇಕೆಂಬ ಮಾತು ಮಾತ್ರ ಇರಲಿಲ್ಲ. 1833ರದು ಒಂದು ದೊಡ್ಡ ಕೆಲಸ ಮಾಡಿತು. ಇಡೀ ದೇಶಕ್ಕೆ ನಾಲ್ಕೇ ನಾಲ್ಕು ಮಂದಿ ಇನ್ಸ್‌ಪೆಕ್ಟರುಗಳನ್ನು ಅದು ನೇಮಿಸಿತು. ಅವರಲ್ಲೊಬ್ಬರು ಲಿಯೊನಾರ್ಡ್ ಹಾರ್ನರ್. ಎಡಿನ್‌ಬರೋದಲ್ಲಿ ಹುಟ್ಟಿದ ಇವರು ಕಲ್ಲು ಮಣ್ಣುಗಳ ಪದರ ಓದುವ ಭೂವಿಜ್ಞಾನಿ. ಲಂಡನ್ ವಿಶ್ವವಿದ್ಯಾಲಯದ ಮೊದಲ ವಾರ್ಡನ್ ಆಗಿದ್ದವರು. ಪ್ರಸಿದ್ಧ ಭೂವಿಜ್ಞಾನಿ ಚಾರ್ಲ್ಸ್ ಲೈಯಲ್‌ಗೆ ಹೆಣ್ಣು ಕೊಟ್ಟ ಮಾವ. ನಲವತ್ತೆಂಟರ ವಯಸ್ಸಿನಲ್ಲಿ ಈ ಹುದ್ದೆಗೆ ಬಂದವರು 1859ರವರೆಗೆ ಅದನ್ನು ಬಿಡಲಿಲ್ಲ. ಲ್ಯಾಂಕಶೈರಿನ ಗಿರಣಿಗಳು ಅವರ ಪಾಲಿಗೆ ಬಂದವು. ಕೆಲಸಗಾರರ ಪಕ್ಷಪಾತಿಯಾಗಿ ಅವರು ಬಂದವರಲ್ಲ. ಒಡೆಯರ ಮೇಲೆ ಅವರಿಗೆ ಮೊದಮೊದಲು ನಂಬಿಕೆಯೇ ಇತ್ತು. ವರ್ಷವರ್ಷವೂ ವರದಿ ಬರೆಯುತ್ತ ಬರೆಯುತ್ತ ಆ ನಂಬಿಕೆ ಸವೆದುಹೋಯಿತು. ಕಾರ್ಲ್ ಮಾರ್ಕ್ಸ್ ಹೊಗಳಿದ ಸರ್ಕಾರಿ ಅಧಿಕಾರಿಗಳು ಬೆರಳೆಣಿಕೆಯಷ್ಟು; ಹಾರ್ನರ್ ಅವರಲ್ಲಿ ಒಬ್ಬರು.

ಇತ್ತ ಪಾರ್ಲಿಮೆಂಟಿನಲ್ಲಿ ಲಾರ್ಡ್ ಆಶ್ಲಿ ಈ ವಿಷಯವನ್ನು ಕೈಗೆತ್ತಿಕೊಂಡಿದ್ದರು. ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಎಂದು ಹೆಸರಾದವರು ಇವರೇ. ಬಡಹುಡುಗಿಯೊಬ್ಬಳು ಗಿರಣಿಯೊಡೆಯನ ಮೇಲೆ ದಾವೆ ಹೂಡುವುದು ಕನಸಿನ ಮಾತಾಗಿದ್ದಾಗ, ಮರೆಯಿಲ್ಲದ ಶಾಫ್ಟಿಗೆ ಸಿಕ್ಕಿ ಊನಳಾದ ಸ್ಟಾಕ್‌ಪೋರ್ಟ್ ಕಡೆಯ ಒಬ್ಬ ಹುಡುಗಿಯ ಮೊಕದ್ದಮೆಯ ಖರ್ಚನ್ನು 1840ರಲ್ಲಿ ಅವರು ಹೊತ್ತುಕೊಂಡರು. ಹುಡುಗಿಗೆ 100 ಪೌಂಡು ಪರಿಹಾರ ಸಿಕ್ಕಿತು. ಆಶ್ಲಿಯವರು ನೆಚ್ಚಿಕೊಂಡ ಇನ್ನೊಬ್ಬ, ವಿಲಿಯಂ ಡಾಡ್, ಅಷ್ಟು ಗಟ್ಟಿ ಆಸರೆಯಾಗಲಿಲ್ಲ. ಬಾಲ್ಯದಿಂದ ಗಿರಣಿಯಲ್ಲಿ ದುಡಿದು ಕೈಕಾಲು ಸೊಟ್ಟಗಾಗಿ, 1840ರಲ್ಲಿ ಬಲಗೈಯನ್ನೇ ಕಡಿಸಿಕೊಂಡ ಆತ ಊರೂರು ತಿರುಗಿ ಊನವಾದವರ ಕಥೆಗಳನ್ನು ಬರೆದು ಪ್ರಕಟಿಸಿದ. ರಾಚ್‌ಡೇಲಿನ ಗಿರಣಿಯೊಡೆಯ ಜಾನ್ ಬ್ರೈಟ್ 1844ರಲ್ಲಿ ಕಾಮನ್ಸ್ ಸಭೆಯಲ್ಲಿ ಎದ್ದುನಿಂತು ಡಾಡನ ಚಾರಿತ್ರ್ಯವನ್ನು ಬಯಲಿಗೆಳೆದರು. ಡಾಡ್ ಅಮೆರಿಕಕ್ಕೆ ಹೊರಟುಹೋದ. ಸಾಕ್ಷಿಯ ನಡತೆ ಕೆಟ್ಟದ್ದೆಂದು ತೋರಿಸಿದ ಮಾತ್ರಕ್ಕೆ ಕಡಿದ ಕೈ ಮರಳಿ ಮೊಳೆಯುವುದಿಲ್ಲ, ಆದರೆ ಸಭೆಗಳಲ್ಲಿ ಇಂಥ ವಾದ ಗೆಲ್ಲುತ್ತದೆ.

ಆದರೂ ಆ 1844ರಲ್ಲೇ ಹೊಸ ಕಾಯಿದೆ ಬಂತು. ಉಗಿಯಂತ್ರಕ್ಕೆ ಸೇರಿದ ದೊಡ್ಡ ಗಾಲಿ, ನೀರಿನ ಗಾಲಿ, ಭಾರ ಎತ್ತುವ ಹಾಯ್ಸ್ಟು, ಶಾಫ್ಟುಗಳು ಎಲ್ಲಕ್ಕೂ ಭದ್ರವಾದ ಬೇಲಿಯಿರಬೇಕೆಂದು ಮೊದಲ ಬಾರಿಗೆ ಕಾನೂನು ಹೇಳಿತು. ಶಾಫ್ಟು, ಹಲ್ಲುಗಾಲಿಗಳು ಸುತ್ತುತ್ತಿರುವಾಗ ಮಕ್ಕಳಿಂದ, ಹೆಂಗಸರಿಂದ ಅವುಗಳನ್ನು ಒರೆಸಿಸಬಾರದು. ಬೇಲಿ ಹಾಕೆಂದು ಇನ್ಸ್‌ಪೆಕ್ಟರು ತಿಳಿಸಿದ ಮೇಲೂ ಹಾಕದೆ ಅನಾಹುತವಾದರೆ 10ರಿಂದ 100 ಪೌಂಡುವರೆಗೆ ದಂಡ. ಆ ಹಣವನ್ನು ಪೆಟ್ಟು ತಿಂದವರಿಗೆ ಕೊಡಿಸಲು ಅವಕಾಶವಿತ್ತು. ಅಪಘಾತವಾದರೆ 24 ಗಂಟೆಯೊಳಗೆ ಗೊತ್ತುಪಡಿಸಿದ ವೈದ್ಯರಿಗೆ ಬರೆದು ತಿಳಿಸಬೇಕು. ಅಪಘಾತವೆಂದರೆ ಯಾವುದು? ಪೆಟ್ಟು ಬಿದ್ದವರು ಮರುದಿನ ಬೆಳಗಿನ ಒಂಬತ್ತು ಗಂಟೆಯೊಳಗೆ ಕೆಲಸಕ್ಕೆ ಮರಳಲಾಗದಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಎಂಟಕ್ಕೇ ಬಂದು ನಿಂತವರಿಗೆ ಕಾನೂನಿನ ಕಣ್ಣಿನಲ್ಲಿ ಏನೂ ಆಗಿರಲಿಲ್ಲ.

ಶಾಫ್ಟುಗಳಿಗೆ ಬೇಲಿ ಎಂದು ಕಾಯಿದೆ ಹೇಳಿತ್ತು, ಇಷ್ಟು ಎತ್ತರದ ಶಾಫ್ಟಿಗೆ ಎಂದು ಹೇಳಿರಲಿಲ್ಲ. ಒಡೆಯರ ಲೆಕ್ಕ ಬೇರೆಯಿತ್ತು. ನೆಲದಿಂದ ಏಳಡಿಗಿಂತ ಮೇಲಿರುವ ಶಾಫ್ಟು ಯಾರ ಕೈಗೂ ಎಟುಕುವುದಿಲ್ಲ. ಎಟುಕದ್ದಕ್ಕೆ ಬೇಲಿ ಯಾಕೆ? ಸೂರಿನಡಿಯ ಶಾಫ್ಟುಗಳೆಲ್ಲ ಈ ಲೆಕ್ಕದಲ್ಲಿ ಬಿಟ್ಟುಹೋದವು. ಇನ್ಸ್‌ಪೆಕ್ಟರುಗಳೂ ಹತ್ತು ವರ್ಷ ಸುಮ್ಮನಿದ್ದರು. ಅವರ ಈ ಸೈರಣೆಯನ್ನು ತಪ್ಪೆಂದೇ ಹೇಳಬೇಕು. ನೆಲದ ಮೇಲೆ ನಡೆಯುವವನಿಗೆ ಏಳಡಿ ಎಟುಕದು, ನಿಜ. ಏಣಿ ಹಾಕಿ ಎಣ್ಣೆ ಬಿಡುವವನಿಗೆ, ಪಟ್ಟಿ ಏರಿಸುವವನಿಗೆ, ಸುಣ್ಣ ಬಳಿಯುವವನಿಗೆ ಅದು ಎದೆಯ ಮಟ್ಟ. ಮೇಲಾಗಿ, ಉರುಳೆಯಿಂದ ಜಾರಿದ ಪಟ್ಟಿ ಸುತ್ತುವ ಶಾಫ್ಟಿನ ಮೇಲೆ ಬಿದ್ದು ಅದಕ್ಕೆ ಸುರುಳಿ ಸುತ್ತಿಕೊಂಡರೆ, ಅದರ ತುದಿ ಹಿಡಿದು ನಿಂತವನು ತಾನಾಗಿ ಏಣಿ ಏರಬೇಕಾಗಿರಲಿಲ್ಲ. ಶಾಫ್ಟೇ ಅವನನ್ನು ಮೇಲಕ್ಕೆಳೆಯುತ್ತಿತ್ತು.

ಸತ್ತವರ ಪಟ್ಟಿ ಬೆಳೆಯುತ್ತ ಹೋಗಿ, 1854ರ ಜನವರಿ ಕೊನೆಯಲ್ಲಿ ಇನ್ಸ್‌ಪೆಕ್ಟರುಗಳು ಸುತ್ತೋಲೆ ಹೊರಡಿಸಿದರು: ಏಳಡಿಯ ರಿಯಾಯಿತಿ ಇನ್ನಿಲ್ಲ, ಅಡ್ಡ ಶಾಫ್ಟುಗಳಿಗೆಲ್ಲ ಮರೆ ಇರಲೇಬೇಕು. ಲ್ಯಾಂಕಶೈರ್ ಎದ್ದುನಿಂತಿತು. ಗೃಹಮಂತ್ರಿ ಪಾಮರ್‌ಸ್ಟನ್ನರ ಬಳಿಗೆ ಒಡೆಯರ ನಿಯೋಗ ಹೋಯಿತು. ತಗಡಿನ ಕವಚ ಹೊದಿಸಿದರೆ ತಿಕ್ಕಾಟಕ್ಕೆ ಬಿಸಿಯೇರಿ ಬೆಂಕಿ ಬಿದ್ದೀತು, ಕವಚವೇ ಕಳಚಿ ತಲೆಯ ಮೇಲೆ ಬಿದ್ದೀತು, ಖರ್ಚಂತೂ ತಾಳಲಾಗದು, ಅಲ್ಲದೆ ಸಾಯುವವರು ತಮ್ಮ ಅಜಾಗರೂಕತೆಯಿಂದಲೇ ಸಾಯುತ್ತಾರೆ ಎಂದು ಅವರ ವಾದ. ಪಾಮರ್‌ಸ್ಟನ್ ಒಂದಿಷ್ಟು ಸಡಿಲಿಸಿದರು. ಪಟ್ಟಿ ಜಾರಿದಾಗ ಶಾಫ್ಟಿಗೆ ತಾಗದಂತೆ ಹಿಡಿದುಕೊಳ್ಳುವ ಕೊಕ್ಕೆಗಳನ್ನು ಹಾಕಿಸಿದರೂ ಸಾಕು ಎಂದಾಯಿತು. ಕೊಕ್ಕೆಗಳನ್ನೂ ಹಾಕಿಸದವರು ಬಹಳ ಮಂದಿ.

ಇಷ್ಟು ಹೊತ್ತಿಗೆ ವ್ಯಾಜ್ಯ ಕಚೇರಿ ದಾಟಿ ಬೀದಿಗೆ ಬಂದಿತ್ತು. ಚಾರ್ಲ್ಸ್ ಡಿಕನ್ಸರ ವಾರಪತ್ರಿಕೆ ಹೌಸ್‌ಹೋಲ್ಡ್ ವರ್ಡ್ಸ್‌ನಲ್ಲಿ ಅವರ ಹಾರ್ಡ್ ಟೈಮ್ಸ್ ಕಾದಂಬರಿ 1854ರ ಏಪ್ರಿಲ್ 1ರಿಂದ ಧಾರಾವಾಹಿಯಾಗಿ ಬರತೊಡಗಿತ್ತು. ಅದೇ ಪತ್ರಿಕೆಯ ಏಪ್ರಿಲ್ 22ರ ಸಂಚಿಕೆಯಲ್ಲಿ ಹೆನ್ರಿ ಮಾರ್ಲಿಯ ಲೇಖನ ಬಂತು. ಇನ್ಸ್‌ಪೆಕ್ಟರುಗಳ ವರದಿಗಳಿಂದ ಮೂರು ವರ್ಷದ ಅಂಕಿಗಳನ್ನು ಮಾರ್ಲಿ ಕೂಡಿಸಿದ್ದರು: 106 ಸಾವು, ಹೋದ ಕೈ ತೋಳುಗಳು 142, ಬೆರಳುಗಳು 1,287, ಮುರಿದ ಎಲುಬುಗಳು 1,340. ಬೆರಳುಗಳನ್ನು ಕಾಳಿನಂತೆ ಅಳತೆಗೆ ಸುರಿದರೆ ಎಷ್ಟಾದೀತೆಂದು ಅವರು ಕಹಿಯಾಗಿ ಕೇಳಿದ್ದರು. ಡಿಕನ್ಸರ ಕಾದಂಬರಿಯ ಕರಡಿನಲ್ಲಿ ಕೂಡ ಗಿರಣಿ ಕೆಲಸಗಾರ್ತಿ ರೇಚಲಳ ತಂಗಿಯ ತೋಳನ್ನು ಯಂತ್ರ ಕಿತ್ತ ಪ್ರಸಂಗವಿತ್ತು, ಅಡಿಟಿಪ್ಪಣಿಯಲ್ಲಿ ಮಾರ್ಲಿಯ ಲೇಖನದ ಉಲ್ಲೇಖವೂ ಇತ್ತು. ಅಚ್ಚಿಗೆ ಹೋಗುವ ಮೊದಲು ಡಿಕನ್ಸ್ ಅದನ್ನು ಹೊಡೆದುಹಾಕಿದರು. ಯಾಕೆಂದು ಹೇಳಿಲ್ಲ. ನನಗಂತೂ ಆ ಭಾಗ ಹೋದದ್ದರಿಂದ ಕಾದಂಬರಿ ಬಡವಾಯಿತೆಂದೇ ಅನ್ನಿಸುತ್ತದೆ. ಗಿರಣಿ ಊರಿನ ಹೊಗೆ, ಏಕತಾನ, ಒಣ ಲೆಕ್ಕಾಚಾರ ಎಲ್ಲವೂ ಅದರಲ್ಲಿವೆ, ಶಾಫ್ಟು ಇಲ್ಲ.

1855ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗಿರಣಿಯೊಡೆಯರು ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ತಂತಮ್ಮ ಯಂತ್ರಗಳ ಅಶ್ವಶಕ್ತಿಯ ಲೆಕ್ಕದಲ್ಲಿ ವಂತಿಗೆ ಎತ್ತಿದರು. ಆ ನಿಧಿ 50,000 ಪೌಂಡು ಮೀರಿತ್ತೆಂದು ಮಾರ್ಕ್ಸ್ ತಮ್ಮ ಬಂಡವಾಳ ಗ್ರಂಥದಲ್ಲಿ ಬರೆದಿದ್ದಾರೆ. ಬೇಲಿ ಹಾಕದ್ದಕ್ಕೆ ಸದಸ್ಯರ ಮೇಲೆ ಇನ್ಸ್‌ಪೆಕ್ಟರುಗಳು ಹೂಡುವ ಮೊಕದ್ದಮೆಗಳ ವೆಚ್ಚ ಭರಿಸುವುದು ಈ ನಿಧಿಯ ಉದ್ದೇಶ. ಮರೆ ಕಟ್ಟುವ ಖರ್ಚು ತಾಳಲಾಗದೆಂದವರೇ ಮರೆ ಕಟ್ಟದಿರುವುದಕ್ಕೆ ಅಷ್ಟು ಹಣ ಕೂಡಿಸಿದ್ದು ವಿಚಿತ್ರವಾಗಿ ಕಂಡೀತು, ಆದರೆ ಅವರ ದೃಷ್ಟಿಯಲ್ಲಿ ಅದು ತತ್ತ್ವದ ಪ್ರಶ್ನೆ. ನನ್ನ ಗಿರಣಿಯೊಳಗೆ ಹೇಗೆ ನಡೆಯಬೇಕೆಂದು ಸರ್ಕಾರ ಹೇಳಬಹುದೇ ಎಂಬುದೇ ಜಗಳದ ತಿರುಳಾಗಿತ್ತು. ಡಿಕನ್ಸರ ಪತ್ರಿಕೆ ಆ ಸಂಘಕ್ಕೆ ಕೆಲಸಗಾರರ ಮೈ ಹರಿಯುವವರ ಕೂಟವೆಂದು ಅಡ್ಡಹೆಸರಿಟ್ಟಿತು.

ಸಂಘದ ಪರವಾಗಿ ನಿಂತವರಲ್ಲಿ ನಾವು ನಿರೀಕ್ಷಿಸದ ಒಬ್ಬರಿದ್ದರು: ಹ್ಯಾರಿಯೆಟ್ ಮಾರ್ಟಿನೋ. ನಾರಿಚ್ ಊರಿನ ಬಟ್ಟೆ ತಯಾರಕನ ಮಗಳು, ಹರೆಯದಲ್ಲೇ ಕಿವಿ ಕಳೆದುಕೊಂಡು ಲೇಖನಿಯಿಂದಲೇ ಬದುಕಿದ ಗಟ್ಟಿಗಿತ್ತಿ, ಗುಲಾಮಗಿರಿಯ ವಿರುದ್ಧ ಬರೆದ ಧೀರೆ. ಡಿಕನ್ಸರ ಪತ್ರಿಕೆಗೆ ಹಿಂದೆ ತಾವೇ ಲೇಖನಗಳನ್ನು ಕೊಟ್ಟವರು. 1855ರಲ್ಲಿ ಹೃದಯದ ಬೇನೆಯಿಂದ ತಾವು ಸಾಯಲಿದ್ದೇವೆಂದು ನಂಬಿ ಮಲಗಿದ್ದ ಅವರು ಗಿರಣಿ ಕಾನೂನಿನ ವಿರುದ್ಧ ಒಂದು ಉರಿಲೇಖನ ಬರೆದರು. ಅದನ್ನು ಕಳಿಸಿದ ಪತ್ರಿಕೆ ಪ್ರಕಟಿಸಲಿಲ್ಲ. ಒಡೆಯರ ಸಂಘವೇ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿತು. ಒಟ್ಟು ಅಪಘಾತಗಳಲ್ಲಿ ಶಾಫ್ಟಿನಿಂದ ಆದವು ಅಲ್ಪ, ಅವೂ ಹುಡುಗಾಟಿಕೆಯಿಂದ ಆದವು, ಡಿಕನ್ಸ್ ಮತ್ತು ಮಾರ್ಲಿ ಸುಳ್ಳನ್ನು ಹಬ್ಬಿಸಿದ್ದಾರೆ ಎಂಬುದು ಅವರ ಆರೋಪ. 1856ರ ಜನವರಿಯಲ್ಲಿ ಡಿಕನ್ಸರ ಪತ್ರಿಕೆ ಉತ್ತರ ಕೊಟ್ಟಿತು. ಮಾರ್ಟಿನೋ ಹೇಳಿದ್ದರಲ್ಲಿ ಒಂದು ಅಂಶ ನಿಜ. ಬೆರಳು ಹೋಗುವುದು ಬಹುಮಟ್ಟಿಗೆ ಕೆಳಗಿನ ಯಂತ್ರಗಳಲ್ಲಿ. ಶಾಫ್ಟಿಗೆ ಸಿಕ್ಕವರು ಸಂಖ್ಯೆಯಲ್ಲಿ ಕಡಿಮೆ. ಆದರೆ ಶಾಫ್ಟಿಗೆ ಸಿಕ್ಕವರು ಬೆರಳಿನೊಂದಿಗೆ ಪಾರಾಗುತ್ತಿರಲಿಲ್ಲ. ಸಾವಿನ ಎಣಿಕೆ ಸಣ್ಣದಿದ್ದರೆ ಆ ಸಾವನ್ನು ತಡೆಯಬೇಕಾಗಿಲ್ಲವೆಂಬ ವಾದವನ್ನು ಇಂಥ ಹೆಂಗಸು ಎತ್ತಿಹಿಡಿದದ್ದು ಆ ಯುಗದ ಅರ್ಥಶಾಸ್ತ್ರಕ್ಕೆ ಎಷ್ಟು ಬಲವಿತ್ತೆಂಬುದಕ್ಕೆ ಸಾಕ್ಷಿ.

ನ್ಯಾಯಾಲಯಗಳಲ್ಲಿ ಆದದ್ದು ಇನ್ನೂ ಸ್ವಾರಸ್ಯಕರ. ಲ್ಯಾಂಕಶೈರಿನ ನ್ಯಾಯಾಧಿಕಾರಿಗಳ ಪೀಠದಲ್ಲಿ ಗಿರಣಿಯೊಡೆಯರೂ ಅವರ ನೆಂಟರೂ ಕೂತಿದ್ದರಿಂದ ಅಲ್ಲಿ ಇನ್ಸ್‌ಪೆಕ್ಟರುಗಳ ಮಾತು ನಡೆಯುವುದು ಕಷ್ಟವಿತ್ತು. ಲಂಡನ್ನಿನಲ್ಲಿ, ಅದೇ ಲಾರ್ಡ್ ಕ್ಯಾಂಬೆಲ್ ಮುಖ್ಯರಾಗಿದ್ದ ಕ್ವೀನ್ಸ್ ಬೆಂಚ್ ನ್ಯಾಯಾಲಯ ಮಾತ್ರ ಕಾಯಿದೆಯ ಅಕ್ಷರಕ್ಕೆ ಅಂಟಿಕೊಂಡಿತು: ಶಾಫ್ಟೆಂದರೆ ಶಾಫ್ಟೇ, ಎತ್ತರ ಎಷ್ಟಾದರೂ ಇರಲಿ, ಬೇಲಿ ಹಾಕಬೇಕು. ನ್ಯಾಯಾಲಯದಲ್ಲಿ ಸೋತ ಒಡೆಯರು ಕಾನೂನನ್ನೇ ಬದಲಿಸಲು ಹೊರಟರು. ವಿಲ್ಸನ್ ಪ್ಯಾಟನ್ ಮಂಡಿಸಿದ ಮಸೂದೆ 1856ರಲ್ಲಿ ಕಾಯಿದೆಯಾಯಿತು. ಅದರಂತೆ, ಮಕ್ಕಳು, ಎಳೆಯರು ಹಾಗೂ ಹೆಂಗಸರು ಓಡಾಡುವಾಗ ಅಥವಾ ತಮ್ಮ ನಿತ್ಯದ ಕೆಲಸದಲ್ಲಿ ತಾಗಬಹುದಾದ ಭಾಗಗಳಿಗೆ ಮಾತ್ರ ಬೇಲಿ. ವಿವಾದವೆದ್ದರೆ ಯಂತ್ರ ಕಟ್ಟುವುದರಲ್ಲಿ ನುರಿತವರು ಪಂಚರಾಗಿ ತೀರ್ಮಾನಿಸಬೇಕು. ಯಂತ್ರ ಕಟ್ಟುವವನಿಗೆ ಯಂತ್ರ ಹೇಗೆ ಓಡುತ್ತದೆಂದು ಗೊತ್ತು. ಅದು ಹೇಗೆ ಕೊಲ್ಲುತ್ತದೆಂದು ತಿಳಿದಿದ್ದವರು ಇನ್ಸ್‌ಪೆಕ್ಟರುಗಳು ಮತ್ತು ಗಿರಣಿಯ ವೈದ್ಯರು. ಏಣಿ ಏರಿ ಎಣ್ಣೆ ಬಿಡುತ್ತಿದ್ದವರು ಬೆಳೆದ ಗಂಡಸರು. ಅವರನ್ನು ಈ ಕಾಯಿದೆ ಪೂರ್ತಿಯಾಗಿ ಕೈಬಿಟ್ಟಿತು. ಹನ್ನೆರಡು ವರ್ಷ ಮುಂದೆ ನಡೆದಿದ್ದ ಕಾನೂನು ಒಂದೇ ದಿನದಲ್ಲಿ ಹಿಂದಕ್ಕೆ ನಡೆಯಿತು. ಹಾರ್ನರ್ ಎಪ್ಪತ್ತು ದಾಟಿದ್ದರು. ಮೂರು ವರ್ಷದ ಬಳಿಕ ನಿವೃತ್ತರಾಗಿ 1864ರಲ್ಲಿ ತೀರಿಕೊಂಡರು.

ಲ್ಯಾಂಕಶೈರಿನಲ್ಲಿ ಸುತ್ತೋಲೆಯ ಗದ್ದಲ ಏಳುತ್ತಿದ್ದ ಆ 1854ರಲ್ಲೇ ಮುಂಬಯಿಯಲ್ಲಿ ಕವಾಸ್‌ಜಿ ನಾನಾಭಾಯಿ ದಾವರ್ ಹತ್ತಿಗಿರಣಿಯ ಕಂಪನಿಯೊಂದನ್ನು ಕಟ್ಟಿದರು. ಕಾನೂನು ಹಿಂದಕ್ಕೆ ನಡೆದ 1856ರಲ್ಲಿ ತಾರದೇವದ ಆ ಗಿರಣಿ ನೂಲು ತೆಗೆಯತೊಡಗಿತು. ಯಂತ್ರಗಳು ಬಂದದ್ದು ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಕಾರ್ಖಾನೆಯಿಂದ. ಶಾಫ್ಟು, ಉರುಳೆ, ಪಟ್ಟಿ ಎಲ್ಲವೂ ಹಡಗೇರಿ ಬಂದವು. 1844ರ ಕಾಯಿದೆ ಹಡಗೇರಲಿಲ್ಲ. ಸತ್ತವರ ಮನೆಯವರು ದಾವೆ ಹೂಡಬಹುದೆಂಬ ಕಾನೂನು ಮಾತ್ರ ಭಾರತಕ್ಕೆ 1855ರಲ್ಲೇ ಬಂದಿತ್ತು. ಕೊಂಕಣದಿಂದ ಬಂದ ಕೂಲಿಯ ವಿಧವೆ ಅದನ್ನು ಹಿಡಿದು ಯಾವ ವಕೀಲರ ಬಾಗಿಲಿಗೆ ಹೋಗಬೇಕಿತ್ತು?

ಇಪ್ಪತ್ತು ವರ್ಷದ ನಂತರ ಭಾರತದ ಗಿರಣಿ ಕೆಲಸಗಾರರ ಮೇಲೆ ಮ್ಯಾಂಚೆಸ್ಟರಿಗೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ಮುಂಬಯಿಯ ನೂಲು ತಮ್ಮ ನೂಲಿಗೆ ಪೈಪೋಟಿ ಕೊಡತೊಡಗಿದ್ದೇ ಆ ಮಮತೆಯ ಗುಟ್ಟು. ಮುಂಬಯಿಯ ಒಡೆಯರೂ ಅನೇಕ ಪತ್ರಿಕೆಗಳೂ ಇದನ್ನೇ ಎತ್ತಿ ತೋರಿಸಿ ಕಾನೂನೇ ಬೇಡವೆಂದವು. ಮಮತೆ ಸುಳ್ಳಾದರೂ ಹೋಗುತ್ತಿದ್ದ ಬೆರಳುಗಳು ಸುಳ್ಳಾಗಿರಲಿಲ್ಲ. ಇದನ್ನು ಕಂಡವರಲ್ಲಿ ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿ ಒಬ್ಬರು. ಮ್ಯಾಂಚೆಸ್ಟರಿನವರಾಗಿರದೆ ಮುಂಬಯಿಯವರೇ ಆಗಿ 1878ರಲ್ಲಿ ಮಸೂದೆಯ ಕರಡು ಬರೆದರು. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂತು. ನೂರು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ, ಯಂತ್ರಬಲದ ಕಾರ್ಖಾನೆಗಳಿಗೆ ಅದು ಅನ್ವಯ. ಏಳು ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ಗಂಟೆ. ಅಪಾಯದ ಯಂತ್ರಭಾಗಗಳಿಗೆ ಬೇಲಿ ಎಂಬ ಮಾತು ಇಲ್ಲಿ ಕಡೆಗೂ ಕಾಣಿಸಿಕೊಂಡಿತು. ಮರುವರ್ಷ ಇಂಗ್ಲೆಂಡಿನಿಂದ ಮೀಡ್ ಕಿಂಗ್ ಎಂಬ ಇನ್ಸ್‌ಪೆಕ್ಟರನ್ನು ಕರೆಸಿ ಮುಂಬಯಿಯ ಗಿರಣಿಗಳನ್ನು ತೋರಿಸಿದರು.

ಕನ್ನಡ ನಾಡಿನ ಒಂದು ಭಾಗವೂ ಈ ಕಾಯಿದೆಯ ಅಡಿಗೆ ಬಂತು. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1885ರಲ್ಲಿ ಗೋಕಾಕದ ಜಲಪಾತದ ಬಳಿ, ಘಟಪ್ರಭೆಯ ನೀರಿನ ಬಲವನ್ನೇ ನೆಚ್ಚಿ ಗೋಕಾಕ ಮಿಲ್ಲು ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲೂ ಅದೇ ದಶಕದಲ್ಲಿ, ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿ ಎದ್ದಿತು. ಹೊಲದ ಕೆಲಸ ಬಿಟ್ಟು ಮಿಲ್ಲಿಗೆ ಬಂದ ನಮ್ಮವರೂ ಧೋತರ, ಸೀರೆ ಉಟ್ಟುಕೊಂಡೇ ಸುತ್ತುವ ಶಾಫ್ಟಿನ ಕೆಳಗೆ ನಿಂತರು. ಇಂಗ್ಲಿಷರ ಬಿಗಿಯುಡುಪನ್ನೇ ಬಿಡದಿದ್ದ ಯಂತ್ರಕ್ಕೆ ಜೋಲಾಡುವ ಸೆರಗು ಇನ್ನಷ್ಟು ಸುಲಭದ ತುತ್ತು.

ಬೇಲಿಯ ಮಾತಾಯಿತು, ಪೆಟ್ಟು ತಿಂದವನ ಹೊಟ್ಟೆಯ ಮಾತು? ಅದನ್ನು ಭಾರತದಲ್ಲಿ ಎತ್ತಿದವರು ನಾರಾಯಣ ಮೇಘಾಜಿ ಲೋಖಂಡೆಯವರು. ಜ್ಯೋತಿಬಾ ಫುಲೆಯವರ ಶಿಷ್ಯರು, ದೀನಬಂಧು ಪತ್ರಿಕೆಯ ಸಂಪಾದಕರು, ಸ್ವತಃ ಗಿರಣಿಯಲ್ಲಿ ದುಡಿದು ಬಂದವರು. 1884ರಲ್ಲಿ ಮುಂಬಯಿಯಲ್ಲಿ ಕೆಲಸಗಾರರ ಸಭೆ ಸೇರಿಸಿ, ಸುಮಾರು ಐದೂವರೆ ಸಾವಿರ ಮಂದಿ ಸಹಿ ಮಾಡಿದ ಮನವಿಯನ್ನು ಸರ್ಕಾರದ ಆಯೋಗಕ್ಕೆ ಕೊಟ್ಟರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಅದರಲ್ಲಿದ್ದವು. ಅವುಗಳ ಜೊತೆಗೆ ಇನ್ನೊಂದು ಬೇಡಿಕೆಯಿತ್ತು: ಕೆಲಸದಲ್ಲಿ ಗಾಯಗೊಂಡವನಿಗೆ ವಾಸಿಯಾಗುವವರೆಗೆ ಸಂಬಳ ಕೊಡಬೇಕು, ಜನ್ಮಕ್ಕೆ ಊನನಾದರೆ ಅವನ ಜೀವನಕ್ಕೆ ದಾರಿ ಮಾಡಬೇಕು. ತಪ್ಪು ಯಾರದು ಎಂಬ ಪ್ರಶ್ನೆಯನ್ನೇ ಆ ಬೇಡಿಕೆ ಕೇಳುವುದಿಲ್ಲ. ಪ್ರೀಸ್ಟ್ಲಿ ವಿರುದ್ಧ ಫೌಲರ್‌ನಿಂದ ಹುಟ್ಟಿದ ತತ್ತ್ವ ಇಂಗ್ಲೆಂಡಿನಲ್ಲಿ ಇನ್ನೂ ಉಸಿರಾಡುತ್ತಿದ್ದಾಗ ಮುಂಬಯಿಯ ಕೂಲಿಗಳು ಅದನ್ನು ದಾಟಿ ಯೋಚಿಸಿದ್ದರು. ಆರು ವರ್ಷದ ಹೋರಾಟದಿಂದ, 1890ರಲ್ಲಿ, ಒಡೆಯರು ವಾರದ ರಜೆಗೆ ಒಪ್ಪಿದರು. ಊನನಾದವನ ಜೀವನದ ಮಾತಿಗೆ ಒಪ್ಪಲಿಲ್ಲ. ಲೋಖಂಡೆಯವರು 1897ರಲ್ಲಿ ಪ್ಲೇಗಿಗೆ ಬಲಿಯಾದರು. ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕಾಯಿದೆ ಇಂಗ್ಲೆಂಡಿನಲ್ಲಿ ಅದೇ 1897ರಲ್ಲಿ ಆಯಿತು.

ಭಾರತದಲ್ಲಿ ಅದು 1923ರಲ್ಲಿ ಆಗಿ 1924ರ ಜುಲೈ 1ರಂದು ಜಾರಿಗೆ ಬಂತು. ಲೋಖಂಡೆಯವರ ಮನವಿಯಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ. ಕಾಯಿದೆಯ ಕೊನೆಗೆ ಒಂದು ಪಟ್ಟಿಯಿತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಎಷ್ಟು ಹೋದಂತೆ ಎಂಬ ಪಟ್ಟಿ. ಬಲದೋಳು ಮೊಣಕೈಯಿಂದ ಮೇಲಕ್ಕೆ ಹೋದರೆ 70, ಎಡದೋಳಾದರೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಯಾವ ಬೆರಳಿಗಾದರೂ 5. ಓದುವಾಗ ಮೈ ಜುಂ ಎನ್ನುತ್ತದೆ. ಆದರೂ ಈ ಪಟ್ಟಿಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ನೂರೈವತ್ತು ವರ್ಷ ಬೆಲೆಯೇ ಇಲ್ಲದೆ ಹೋಗುತ್ತಿದ್ದ ಬೆರಳಿಗೆ ಮೊದಲ ಬಾರಿ ಬೆಲೆ ಬಂದದ್ದು ಈ ಕಾಗದದಲ್ಲಿ.

ಏಳಡಿಯ ವ್ಯಾಜ್ಯ ಏನಾಯಿತು? ಇಂಗ್ಲೆಂಡು 1856ರ ತನ್ನ ಹಿಮ್ಮೆಟ್ಟುವಿಕೆಯನ್ನು ಆ ಶತಮಾನ ಮುಗಿಯುವ ಮೊದಲೇ ಸದ್ದಿಲ್ಲದೆ ಕೈಬಿಟ್ಟಿತು. 1891ರ ಕಾಯಿದೆಯ ಹೊತ್ತಿಗೆ, ಬಲ ಸಾಗಿಸುವ ಯಂತ್ರಭಾಗಗಳಿಗೆಲ್ಲ ಬೇಲಿಯಿರಬೇಕು, ಇಲ್ಲವೇ ಬೇಲಿಯಿದ್ದಷ್ಟೇ ಸುರಕ್ಷಿತವಾದ ಜಾಗದಲ್ಲಿ ಅವು ಇರಬೇಕು ಎಂಬ ಮಾತು ನೆಲೆನಿಂತಿತ್ತು. ಸ್ವತಂತ್ರ ಭಾರತ 1948ರಲ್ಲಿ ಕಾರ್ಖಾನೆ ಕಾಯಿದೆ ಮಾಡಿದಾಗ ಅದರ 21ನೇ ಕಲಮಿನಲ್ಲಿ ಇದೇ ಮಾತನ್ನು ಸೇರಿಸಿಕೊಂಡಿತು. ಓಡುತ್ತಿರುವ ಯಂತ್ರದ ಹತ್ತಿರ ಕೆಲಸಕ್ಕೆ ಹೋಗುವ ತರಬೇತಾದ ಗಂಡಸಿಗೂ ಮೈಗಂಟುವ ಬಿಗಿಯುಡುಪು ಇರಬೇಕು, ಅದನ್ನು ಕಾರ್ಖಾನೆಯವರೇ ಕೊಡಿಸಬೇಕು ಎಂದು 22ನೆಯದು ಹೇಳಿತು. 1949ರ ಏಪ್ರಿಲ್ 1ರಿಂದ ಈ ಕಾಯಿದೆ ಜಾರಿಗೆ ಬಂತು. ಜಾಗ ಸುರಕ್ಷಿತ ಹೌದೋ ಅಲ್ಲವೋ ಎಂಬುದನ್ನು ಅದು ಅಡಿಗಳಲ್ಲಿ ಅಳೆಯಲಿಲ್ಲ, ಹೆಂಗಸರು ಮಕ್ಕಳ ಓಡಾಟದಿಂದಷ್ಟೇ ಅಳೆಯಲೂ ಇಲ್ಲ; ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಪ್ರತಿಯೊಬ್ಬರಿಗೂ ಅದು ಸುರಕ್ಷಿತವಾಗಿರಬೇಕು ಎಂದಿತು. 1856ರಲ್ಲಿ ಹಾರ್ನರ್ ಸೋತ ವಾದ ಇದೇ.